ಹೆಬ್ಬೆಟ್ಟಿನ ಕೆಳಗಿನ ಪದ

“ಜಾಗ ಅಂದ್ರ ಜಾಗಾನ ಕಾಕಾ, ಅದರಾಗ ನನಗ ತಿಳೀಲಾರದ್ದು ಏನೈತಿ?” ಎಂದಳು ನೀಲಗಂಗಾ. ಮಾತು ಮುಗಿಯುವುದಕ್ಕೂ ಬಿಕ್ಕಳಿಕೆ ಬರುವುದಕ್ಕೂ ಸರಿಹೋಯಿತು. ಅವಳ ಚಿಮಟದ ತುದಿಯಲ್ಲಿದ್ದ ಸ್ಕ್ರೂ, ಸಾಸಿವೆ ಕಾಳಿನ ಅರ್ಧವೂ ಇಲ್ಲದ್ದು, ಹಾರಿ ಎಲ್ಲಿಯೋ ಬಿತ್ತು. ಕೆಳಗೆ ಅವಳ ಅತ್ತೆ ಬಾಳವ್ವ ದಾರಕ್ಕೆ ಕಟ್ಟಿದ ಅಯಸ್ಕಾಂತ ಹಿಡಿದು ಮೊದಲೇ ಸಿದ್ಧಳಾಗಿ ಕೂತಿದ್ದಳು. “ಇದು ಹದಿನೇಳನೇದು,” ಎಂದು ನಿಟ್ಟುಸಿರು ಬಿಟ್ಟು, ಬಾವಿಗೆ ಬಿದ್ದ ಕೊಡ ಹುಡುಕುವವಳ ಹಾಗೆ ದಾರವನ್ನು ನೆಲದ ಮೇಲೆ ಆಡಿಸತೊಡಗಿದಳು.

ನಾನು ಗಡಿಯಾರದ ಅಂಗಡಿಯ ಹೊಸ್ತಿಲ ಬಳಿ ಕೂತು ‘ಇಂಬು’ ಎಂಬ ಪದಕ್ಕೆ ಮತ್ತೊಂದು ಅರ್ಥ ಹೇಳಿದೆ. “ಆಸರೆ.” ಬಿಕ್ಕಿದಳು. “ಅನುಕೂಲ.” ಬಿಕ್ಕಿದಳು. “ಆಶ್ರಯ ಅಂತ ಇಟ್ಟಕೋ.” ಈ ಸಲ ಬಿಕ್ಕಳಿಕೆ ತುಸು ತಡವಾಯಿತು, ಮೂವರೂ ಉಸಿರು ಹಿಡಿದು ಕಾದೆವು, ಆದರೆ ಬಂತು. ಬೆಳಿಗ್ಗೆ ಶಾಲೆಯ ಮಾಸ್ತರರು ಬಂದು, ಪತ್ರಿಕೆಗಳಲ್ಲಿ ‘ಇಂಬು ನೀಡಿದರು’ ಎಂದು ಬರೆಯುತ್ತಾರಲ್ಲ, ಇಂಬು ಎಂದರೆ ಪ್ರೋತ್ಸಾಹ ಎಂದು ಹೇಳಿ ಹೋಗಿದ್ದರು. ಅದನ್ನೂ ನೆನಪಿಸಿದೆ. “ಹೊಳಿ ಬಂದು ಮನಿ ಮುಳಗ್ಯಾವ, ಜನ ಜೀವಾ ಉಳಿಸ್ಕೊಳ್ಳಾಕ ಕಲ್ಲ ಹತ್ತಿ ಬರಾಕತ್ತಾರ, ಹೊತ್ತಿಗ್ಯಾಗಿನ ಪೊನ್ನವ್ವ ಅವರಿಗೆ ಪ್ರೋತ್ಸಾಹ ಕೊಟ್ಲಂತ?” ಎಂದು ಬಾಳವ್ವ ನೆಲದಿಂದಲೇ ಕೇಳಿದಳು. “ಭೇಷ್, ಹಂಗ ಬರ್ರಿ ಅಂತ ಚಪ್ಪಾಳಿ ಹೊಡದ್ಲೇನು?” ನೀಲಗಂಗಾ ನಕ್ಕಳು. ನಗುವೂ ಬಿಕ್ಕೂ ಒಟ್ಟಿಗೆ ಬಂದು ಅವಳಿಗೆ ಪಕ್ಕೆ ಹಿಡಿದುಕೊಂಡಿತು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ಕಳಚಿ ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಪಕ್ಕೆ ಒತ್ತಿಕೊಂಡು ಕೂತಳು.

ಅದು ಒಂಬತ್ತನೆಯ ದಿನ, ರವಿವಾರ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ ಎನ್ನುತ್ತಾರಂತೆ. ನಮ್ಮೂರಲ್ಲಿ “ಯಾವ ಪದ?” ಎಂದು ಕೇಳುತ್ತಾರೆ. ಚಹಾ ಅಂಗಡಿಯಲ್ಲಿ ಕೇಳುತ್ತಾರೆ, ಕಟಿಂಗ್ ಅಂಗಡಿಯಲ್ಲಿ ಕತ್ತಿ ಕೆಳಗಿಟ್ಟು ಕೇಳುತ್ತಾರೆ, ದವಾಖಾನೆಯಲ್ಲಿ ಡಾಕ್ಟರು ನಾಡಿ ಹಿಡಿಯುವ ಮೊದಲು ಅದನ್ನೇ ಕೇಳುತ್ತಾರೆ. ಹಳೆಯ ಹೊತ್ತಿಗೆಯನ್ನು ಗಟ್ಟಿಯಾಗಿ ಓದುವಾಗ ತಿಳಿಯದ ಪದವೊಂದು ನಾಲಗೆ ಮೇಲೆ ಹಾದು ಹೋದರೆ ಓದಿದವರಿಗೆ ಬಿಕ್ಕು ಹತ್ತುತ್ತದೆ, ಅರ್ಥವಾದಾಗ ಬಿಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಮಧ್ಯಾಹ್ನ. ಒಂಬತ್ತು ದಿನ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ನೀಲಗಂಗಾ ಗಡಿಯಾರದವಳಾದ್ದರಿಂದ ಅದಕ್ಕೂ ಹೊತ್ತು ಹಿಡಿದಿದ್ದಳು. ಹನ್ನೊಂದು ಸೆಕೆಂಡಿಗೆ ಒಂದು, ಉಂಡ ಮೇಲೆ ಒಂಬತ್ತಕ್ಕೆ ಒಂದು. ಹಾಗಾಗಿ ಉಣ್ಣುವುದನ್ನೇ ಬಿಟ್ಟಿದ್ದಳು. ಗಂಜಿ ಕುಡಿದರೆ ಅರ್ಧ ಹೊರಗೆ ಬರುತ್ತಿತ್ತು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. “ಮಂಗಳವಾರದ ತನಕ ನೋಡ್ತೀನಿ,” ಎಂದಿದ್ದರು ಡಾಕ್ಟರು, “ಆಮ್ಯಾಲ ದೊಡ್ಡ ದವಾಖಾನಿಗೆ ಕಳಸ್ತೀನಿ. ಆದ್ರ ಖರೇ ಹೇಳ್ತೀನಿ, ಅಲ್ಲಿಯವರ ಕೈಯಾಗೂ ಈ ರೋಗಕ್ಕ ಔಷಧ ಇಲ್ಲ. ಗುರುಪಾದಪ್ಪಗ ಹೇಳ್ರಿ.”

ಗುರುಪಾದಪ್ಪ ಎಂದರೆ ನಾನೇ. ಅರ್ಥದ ಗುರುಪಾದಪ್ಪ ಎಂದು ನಮ್ಮೂರಲ್ಲಿ ಕರೆಯುತ್ತಾರೆ. ಓದಿದ್ದು ಏಳನೆಯ ಇಯತ್ತೆ. ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರಾಗಿ ಒಂದೇ ದಾರಿಯಲ್ಲಿ ಹೋಗಿ ಬಂದವನು ನಾನು. ದಾರಿಯ ಇಕ್ಕೆಲದ ಹಳ್ಳಿಗಳವರ ಮಾತು ಕೇಳುವುದೆಂದರೆ ನನಗೆ ಊಟಕ್ಕಿಂತ ರುಚಿ. ಯಾವ ಅಜ್ಜಿ ಯಾವ ಪದ ಆಡಿದಳು, ಯಾವ ಕುರಿ ಕಾಯುವವನು ಮೋಡಕ್ಕೆ ಏನೆಂದ ಎಂದು ಟಿಕೀಟು ಹರಿಯುತ್ತಲೇ ಕೇಳಿಸಿಕೊಂಡು, ಬಸ್ಸು ನಿಂತಾಗ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅಂಥ ನೋಟುಬುಕ್ಕು ನನ್ನ ಟ್ರಂಕಿನಲ್ಲಿ ನಲವತ್ತಕ್ಕೂ ಹೆಚ್ಚಿವೆ. ಹೊತ್ತಿಗೆಯ ಪದ ಎಷ್ಟೋ ಸಲ ಅವುಗಳಲ್ಲಿ ಸಿಗುತ್ತಿತ್ತು. ನಿವೃತ್ತನಾದ ಮೇಲೆ ಓದುವವರೆಲ್ಲ ಓದಿಗೆ ಮೊದಲು ನನ್ನ ಮನೆಗೆ ಬಂದು ಅರ್ಥ ಕೇಳಿಕೊಂಡು ಹೋಗುವುದು ರೂಢಿಯಾಯಿತು.

ಓದು ಎಂದರೆ ಸಂಜೆಯ ಓದು. ಸುಗ್ಗಿ ಮುಗಿದ ಮೇಲೆ ಒಂದು ತಿಂಗಳು, ದಿನವೂ ಐದು ಗಂಟೆಗೆ, ಸರದಿಯ ಮೇಲೆ ಒಂದೊಂದು ಮನೆಯ ಪಡಸಾಲೆಯಲ್ಲಿ ಆ ಮನೆಯವರೊಬ್ಬರು ಹೊತ್ತಿಗೆ ಓದಬೇಕು. ನಮ್ಮೂರು ಹೇಗೆ ಆಯಿತೆಂಬುದರ ಕಾವ್ಯ ಅದು. ಹೊಳೆ ಉಕ್ಕಿ ಕೆಳಗಿನ ಊರು ಮುಳುಗಿದಾಗ ಪೊನ್ನಿ ಎಂಬವಳು ಒಂದು ಹೆಬ್ಬಂಡೆಯ ಮೇಲೆ ಉಳಿದಿದ್ದಳು. ಉಳಿದವರು ಈಜಿಕೊಂಡು ಅಲ್ಲಿಗೇ ಬಂದರು. ಬಂಡೆಯ ಸುತ್ತ ನಮ್ಮೂರು ಬೆಳೆಯಿತು. ಯಾರು ಬರೆದರೋ ತಿಳಿಯದು, ಪದಗಳು ಮಾತ್ರ ಬಹಳ ಹಳೆಯವು.

ಬಿಕ್ಕಿನ ಹೆದರಿಕೆಗೆ ನಮ್ಮ ಹಿರಿಯರು ಒಂದು ಉಪಾಯ ಮಾಡಿಕೊಂಡಿದ್ದರು. ಗೊತ್ತಿಲ್ಲದ ಪದ ಬಂದಾಗ ಅದರ ಮೇಲೆ ಹೆಬ್ಬೆಟ್ಟು ಇಟ್ಟು “ಹೂಂ” ಎಂದು ದಾಟಿಬಿಡುವುದು. ಕೇಳುವವರೂ ಗಂಭೀರವಾಗಿ ತಲೆಯಾಡಿಸುವುದು. ಒಬ್ಬರ ನಂತರ ಒಬ್ಬರು ಇಟ್ಟು ಇಟ್ಟು ಆ ಪದಗಳ ಮೇಲೆಲ್ಲ ಎಣ್ಣೆಗಪ್ಪು ಕಲೆ ಬಿದ್ದಿವೆ. ಹೊತ್ತಿಗೆ ತೆರೆದರೆ ಪುಟಕ್ಕೆ ಏಳೆಂಟು ಹೆಬ್ಬೆಟ್ಟು. ನಮಗೆಲ್ಲ ಬಾಯಿಪಾಠವಾಗಿದ್ದ ಸಾಲೇ “ಬಂದವರ್ಗೆಲ್ಲ ಹೂಂ ಇತ್ತಳಾ ಪೊನ್ನಿ” ಎಂದು. ಪೊನ್ನಿ ಏನೋ ಒಂದು ಕೊಟ್ಟಳು, ದೊಡ್ಡ ಮನಸ್ಸಿನವಳು, ಅಷ್ಟು ಸಾಕಾಗಿತ್ತು. ಶಾಲೆಯ ಗೋಡೆಯ ಮೇಲೆ ಅವಳ ಚಿತ್ರವಿದೆ. ಎತ್ತರಕ್ಕೆ ನಿಂತು, ಸೆರಗು ಹಾರಿಸಿಕೊಂಡು, ಕೈ ಚಾಚಿ ಜನರಿಗೆ ಜಮೀನು ತೋರಿಸುತ್ತಾಳೆ.

ಈ ಸಲ ಬಾಳವ್ವನ ಮನೆಯ ಸರದಿ ಬಂದಾಗ ಓದಲು ಕೂತವಳು ನೀಲಗಂಗಾ. ಹಿಂದಿನ ದಿನ ನನ್ನ ಬಳಿ ಬಂದಿದ್ದಳು. “ಕಾಕಾ, ನಾ ಹೂಂ ಅನ್ನಾಕಿ ಅಲ್ಲ,” ಎಂದಿದ್ದಳು. “ನಮ್ಮಪ್ಪ ನನಗ ಗಡಿಯಾರ ಬಿಚ್ಚೂದು ಕಲಿಸುವಾಗ ಒಂದ ಮಾತು ಹೇಳಿದ್ದ. ಒಂದು ಸ್ಕ್ರೂ ಉಳೀತು ಅಂತ ಅದನ್ನ ಡಬ್ಬಿಗೆ ಹಾಕಿ ಮುಚ್ಚಬ್ಯಾಡ, ಗಡಿಯಾರ ಎರಡ ದಿನ ನಡೀತೈತಿ, ಆಮ್ಯಾಲ ಯಾಕ ನಿಂತಿತು ಅಂತ ನಿನಗೂ ತಿಳಿಯೂದಿಲ್ಲ ಅಂತ. ಕಲಿ ಬಿದ್ದ ಪದಾ ಎಲ್ಲಾ ಬಿಡಿಸಿ ಹೇಳ್ರಿ.” ಇಬ್ಬರೂ ಕೂತು ಬಿಸಿಲಿಗೆ ಹಿಡಿದು ಹೆಬ್ಬೆಟ್ಟಿನ ಕೆಳಗಿನ ಅಕ್ಷರ ಓದಿದೆವು. ಬಂದವರ್ಗೆಲ್ಲಮಿಂಬಿತ್ತಳಾ ಪೊನ್ನಿ, ಮೊಳಕಾಲನಪ್ಪಿ ಕುಳ್ಳಿರ್ದು. ಬಂದವರಿಗೆಲ್ಲ ಇಂಬು ಕೊಟ್ಟಳು ಪೊನ್ನಿ, ಮೊಣಕಾಲು ಅಪ್ಪಿಕೊಂಡು ಕೂತು. ಇಂಬು ಎಂದರೇನು ಎಂದು ಕೇಳಿದಳು. ನಾನು ನೋಟುಬುಕ್ಕು ತೆರೆಯಲಿಲ್ಲ. ಇಷ್ಟು ಸುಲಭದ್ದಕ್ಕೆ ಯಾಕೆ ಎಂಬ ಠೀವಿ ನನಗೆ. “ಜಾಗ,” ಎಂದೆ. “ಮತ್ತ ಜಾಗಾ ಕೊಡಾಕಿ ಮೊಣಕಾಲು ಯಾಕ ಅಪ್ಪಿಕೊಂಡ್ಲು?” ಎಂದು ಕೇಳಿದಳು. “ವಿನಯ,” ಎಂದೆ. ದೊಡ್ಡವರು ಕೊಡುವಾಗ ಬಾಗಿ ಕೊಡುತ್ತಾರೆ ಎಂದು ನಾಲ್ಕು ಮಾತು ಸೇರಿಸಿಯೂ ಹೇಳಿದೆ.

ಮರುದಿನ ಅವಳು ನನ್ನ ಮಾತು ನಂಬಿ, ಹೆಬ್ಬೆಟ್ಟು ಇಡದೆ, ಗಂಟೆ ಹೊಡೆದ ಹಾಗೆ ಓದಿದಳು. ಪಡಸಾಲೆಯಲ್ಲಿದ್ದವರು ಆ ಸಾಲಿನಲ್ಲಿ ಆ ಪದವನ್ನು ಜೀವನದಲ್ಲಿ ಮೊದಲ ಸಲ ಕೇಳಿದರು. ಅಲ್ಲಿಗೇ ಬಿಕ್ಕು ಹತ್ತಿತು.

ಹಾಗಾಗಿ ತಪ್ಪು ನನ್ನದು. ಇನ್ನೊಂದು ಗುಟ್ಟೂ ಇದೆ. ಅರ್ಥದವನೆಂದು ಕರೆಸಿಕೊಂಡ ನಾನು ನನ್ನ ಮನೆಯ ಸರದಿ ಬಂದಾಗಲೆಲ್ಲ ಕನ್ನಡಕ ಮರೆತವನು, ಗಂಟಲು ಕಟ್ಟಿಸಿಕೊಂಡವನು, ಪರವೂರಿಗೆ ಹೋದವನು. ಒಮ್ಮೆಯೂ ಗಟ್ಟಿಯಾಗಿ ಓದಿದವನಲ್ಲ.

ರವಿವಾರ ಸಂಜೆ ಮನೆಗೆ ಬಂದು ಟ್ರಂಕು ಬಿಚ್ಚಿ ಎಲ್ಲ ನೋಟುಬುಕ್ಕುಗಳನ್ನೂ ನೆಲಕ್ಕೆ ಸುರಿದೆ. ಹತ್ತೊಂಬತ್ತನೆಯದರಲ್ಲಿ ಸಿಕ್ಕಿತು. ನನ್ನದೇ ಅಕ್ಷರ, ಬಸ್ಸಿನ ಕುಲುಕಾಟಕ್ಕೆ ಸೊಟ್ಟಗಾದದ್ದು: “ಇಂಬ. ಕಡೀ ಸ್ಟಾಪಿನ ತಾಯವ್ವ. ಜಾಗ.” ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ತಾಯವ್ವ ಎಂಬ ಅಜ್ಜಿ, ಮೂಗಿನ ಎರಡೂ ಕಡೆ ನತ್ತು ಹಾಕಿಕೊಂಡವಳು, ಏನೋ ಹೇಳುತ್ತ ಈ ಪದ ಆಡಿದ್ದಳು. ಹಂಗಂದ್ರೇನಬೇ ಎಂದು ನಾನು ತಲೆಗಳ ಮೇಲಿಂದ ಕೂಗಿದ್ದೆ. “ಜಾಗಾ ಅನ್ನಪಾ, ಟಿಕೀಟ್ ಕೊಡು,” ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಕಂಡಕ್ಟರನಿಗೆ ಉತ್ತರ ಕೊಟ್ಟು ಕಳಿಸುವ ಗಡಿಬಿಡಿಯಲ್ಲಿ ಅವಳು ಅರ್ಧ ಹೇಳಿದ್ದಳು. ಬರೆದುಕೊಳ್ಳುವ ಗಡಿಬಿಡಿಯಲ್ಲಿ ಆ ಅರ್ಧವನ್ನೇ ನಾನು ಪೂರ್ತಿ ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನೀಲಗಂಗಾಳನ್ನು ಕರೆದುಕೊಂಡು ಹೊರಟೆ. ಬಾಳವ್ವ ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಸೊಸೆಯ ಕೈಗೆ ನೀರಿನ ಬಾಟಲಿ ಕೊಟ್ಟು, ನನ್ನ ಕಡೆ ತಿರುಗಿ, “ಅಣ್ಣಾ, ನಾ ಬೈಯೂದಿಲ್ಲ. ಬೈದ್ರ ನಿನಗ ಹಗುರ ಆಗ್ತೈತಿ,” ಎಂದಳು. ಡ್ರೈವರ್ ದಸ್ತಗೀರ ನನ್ನ ಕಾಲದಿಂದಲೂ ಅದೇ ದಾರಿಯಲ್ಲಿ ಗಾಡಿ ಹೊಡೆಯುವವನು. ನೀಲಗಂಗಾ ಹತ್ತುತ್ತಲೇ ಕನ್ನಡಿಯಲ್ಲಿ ನೋಡಿ, “ಯಾವ ಪದಾ ತಂಗಿ?” ಎಂದ. ಹೇಳಿದೆವು. ಸ್ಟೇರಿಂಗು ಹಿಡಿದು ಬಹಳ ಹೊತ್ತು ವಿಚಾರ ಮಾಡಿದ. “ಕೇಳಿದಂಗ ಐತಿ ನೋಡು ಮಾಮಾ. ಆದ್ರ ಕೇಳೀನಿ ಅಂತ ಹೇಳಾಕ ಬರೂದಿಲ್ಲ,” ಎಂದ. ದಾರಿಯುದ್ದಕ್ಕೂ ಹನ್ನೊಂದು ಸೆಕೆಂಡಿಗೊಮ್ಮೆ ಹಿಂದಿನಿಂದ ಬಿಕ್ಕಳಿಕೆ ಕೇಳಿಸುತ್ತಿತ್ತು. ಗುಂಡಿ ಬಂದಾಗ ಕುಲುಕುವುದೂ ಬಿಕ್ಕುವುದೂ ಜೊತೆಯಾಗಿ ಅವಳು ಸೀಟಿನಿಂದ ಒಂದು ಗೇಣು ಮೇಲೇಳುತ್ತಿದ್ದಳು. ಪಕ್ಕದಲ್ಲಿ ಕೂತವರು ತಾವೂ ಗೊತ್ತಿದ್ದ ಅರ್ಥ ಹೇಳಿ ಇಳಿಯುತ್ತಿದ್ದರು.

ಕಡೆಯ ಸ್ಟಾಪಿನ ಆ ಹಳ್ಳಿಯಲ್ಲಿ ತಾಯವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಸೊಸೆ ಕಾಶವ್ವ ಅಂಗಳದಲ್ಲಿ ಮೆಣಸಿನ ಸಸಿಗಳನ್ನು ಕಟ್ಟು ಕಟ್ಟಿ ಬುಟ್ಟಿಗೆ ಜೋಡಿಸುತ್ತಿದ್ದಳು. ಆ ದಿನ ನಮ್ಮೂರ ಸಂತೆ. ಅತ್ತೆಯ ಗುರುತಿನವರು ಬಂದರೆಂದು ಚಹಾ ಕೊಟ್ಟಳು. ಪದ ಕೇಳಿದ್ದಕ್ಕೆ ಮುಖ ಸಣ್ಣದು ಮಾಡಿದಳು. “ಇಂಬ? ಹಂಗಂದ್ರ ಏನ್ರೀ? ನಮ್ಮ ಕಡೆ ಅನ್ನೂದಿಲ್ರೀ. ನಾವು ಜಾಗಾ ಅಂತೀವಿ.” ಪಕ್ಕದ ಮನೆಯವರನ್ನು ಕೂಗಿದಳು. ಅವರೂ ಇಲ್ಲವೆಂದರು. ಹಗ್ಗ ಹೊಸೆಯುತ್ತಿದ್ದ ಒಬ್ಬ ಮುದುಕ, “ಅದು ಓದಿದವರ ಮಾತು ಇರಬೇಕು, ನಮ್ಮಂಥವರ ಬಾಯಾಗ ಬರೂದಿಲ್ಲ,” ಎಂದು ನಮ್ಮನ್ನೇ ಸಮಾಧಾನ ಮಾಡಿ ಕಳಿಸಿದ. ಏಳು ಮನೆ ಕೇಳಿದೆವು.

ಬಸ್ಸು ತಿರುಗಿ ಹೊರಡಲು ಇನ್ನೂ ಹೊತ್ತಿತ್ತು. ಸ್ಟಾಪಿನ ಬೇವಿನ ಕೆಳಗೆ ಕಲ್ಲಿನ ಮೇಲೆ ಕೂತೆವು. ನೀಲಗಂಗಾ ತನ್ನ ಬಲಗೈಯನ್ನು ಮುಂದೆ ಚಾಚಿ ಬೆರಳುಗಳನ್ನೇ ನೋಡುತ್ತಿದ್ದಳು. ಬೆರಳುಗಳು ನಡುಗುತ್ತಿದ್ದವು. “ಬಿಕ್ಕ ಬಾರದಾಗೂ ನಡಗತಾವ ಈಗ,” ಎಂದಳು. “ಮಂಗಳವಾರ ದವಾಖಾನಿಗೆ ಹೋದ್ರ ತಿರುಗಿ ಯಾವಾಗ ಬರ್ತೀನೋ. ಅಂಗಡ್ಯಾಗ ಬಿಚ್ಚಿದ ಗಡಿಯಾರ ಇಪ್ಪತ್ತಾರು ಅದಾವ ಕಾಕಾ. ಬಿಚ್ಚಿದ್ದು ನಾನ. ಯಾವ ಸ್ಕ್ರೂ ಎಲ್ಲಿದು ಅಂತ ನನಗ ಒಬ್ಬಾಕಿಗೇ ಗೊತ್ತು.” ಮತ್ತೆ ಬಿಕ್ಕಿದಳು. ಈ ಸಲ ಅದು ಅಳುವಿನ ಹಾಗೆಯೇ ಕೇಳಿಸಿತು. “ನಿಮಗ ಗೊತ್ತೈತಿ ಅಂತ ನಾ ಹೆಬ್ಬೆಟ್ಟ ಇಡಲಿಲ್ಲ.”

ಕಡೆಗೆ ಹೇಳಿದೆ. “ನನಗ ಗೊತ್ತಿರಲಿಲ್ಲವಾ. ಗೊತ್ತೈತಿ ಅನಕೊಂಡಿದ್ದೆ. ನಾ ಎಂದೂ ಗಟ್ಟಿಯಾಗಿ ಓದಿಲ್ಲ, ಹಂಗಾಗಿ ನನಗ ಏನು ಗೊತ್ತಿಲ್ಲ ಅನ್ನೂದು ಯಾರಿಗೂ ಗೊತ್ತಾಗಿಲ್ಲ.” ಅವಳು ನನ್ನ ಮುಖ ನೋಡಿದಳು. ಸಿಟ್ಟು ಬರಬಹುದೆಂದು ಕಾದೆ. “ನಿಮ್ಮ ಕನ್ನಡಕ ಯಾವಾಗಲೂ ಓದಿನ ದಿನಾನ ಕಳೀತೈತಿ, ಅದು ನನಗ ಮೊದಲ ಗೊತ್ತು,” ಎಂದಳು. “ಗಡಿಯಾರ ರಿಪೇರಿ ಮಾಡಾಕಿ ನಾನು. ಯಾವುದು ತಾನಾಗೆ ನಿಂತೈತಿ, ಯಾವುದನ್ನ ನಿಲ್ಲಿಸ್ಯಾರ ಅಂತ ತಿಳಿಯೂದಿಲ್ಲೇನು?”

ಹತ್ತು ಗಂಟೆಗೆ ಬಸ್ಸು ಹೊರಟಿತು. ಸಂತೆಯ ದಿನದ ಬಸ್ಸು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕು ಹೆಂಗಸರು, ಅವರ ತೊಡೆಯ ಮೇಲೆ ಚೀಲ, ಚೀಲದ ಮೇಲೆ ಕೋಳಿ. ನೀಲಗಂಗಾ ಕಿಟಕಿಯಿಂದ ಎರಡನೆಯವಳು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ. ಊರು ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗುತ್ತ ಓಡಿ ಬಂದರು. ದಸ್ತಗೀರ ನಿಲ್ಲಿಸಿದ. ಕಾಶವ್ವ, ತಲೆಯ ಮೇಲೆ ಸಸಿಯ ಬುಟ್ಟಿ. ಏದುಸಿರು ಬಿಡುತ್ತ ಹತ್ತಿ, ಜನರ ನಡುವೆ ತೂರಿಕೊಂಡು ನಮ್ಮ ಸೀಟಿನ ಹತ್ತಿರ ಬಂದಳು. ಸೀಟನ್ನೊಮ್ಮೆ ನೋಡಿದಳು. ಅಲ್ಲಿ ಒಂದು ಬೆರಳು ತೂರುವಷ್ಟೂ ಖಾಲಿ ಇರಲಿಲ್ಲ. ಆಮೇಲೆ ಅವಳು ಯಾವ ಸಂಕೋಚವೂ ಇಲ್ಲದೆ, ದಿನಾ ಹೇಳುವ ಮಾತಿನಂತೆ ಹೇಳಿದಳು. “ಒಂಚೂರು ಇಂಬ ಮಾಡ್ರೆಬೇ.”

ಯಾರೂ ಏಳಲಿಲ್ಲ. ಕಿಟಕಿಯ ಬಳಿಯ ಹೆಂಗಸು ಭುಜವನ್ನು ಗೋಡೆಗೆ ಒತ್ತಿಕೊಂಡಳು. ಮೂರನೆಯವಳು ಚೀಲವನ್ನು ಎದೆಗೆ ಅವಚಿಕೊಂಡಳು. ಅಂಚಿನವಳು ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಓರೆಯಾದಳು. ನೀಲಗಂಗಾ ಮೊಣಕಾಲುಗಳನ್ನು ಜೋಡಿಸಿ, ಎರಡೂ ಕೈಯಿಂದ ಅಪ್ಪಿ, ತನ್ನ ಕಡೆ ಎಳೆದುಕೊಂಡಳು. ಒಬ್ಬೊಬ್ಬರದು ನಾಲ್ಕು ಬೆರಳು, ಮೂರು ಬೆರಳು. ಅಷ್ಟೆಲ್ಲ ಸೇರಿ ಸೀಟಿನ ಅಂಚಿನಲ್ಲಿ ಕಾಶವ್ವ ಕೂರುವಷ್ಟು ಆಯಿತು. ಅವಳು ಕೂತಳು, ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡಳು, ಸೆರಗಿನಿಂದ ಬೆವರು ಒರೆಸಿಕೊಂಡಳು. ಬಸ್ಸು ಹೊರಟಿತು.

ನೀಲಗಂಗಾ ಹಾಗೆಯೇ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ತನ್ನ ಕೈಗಳನ್ನು ನೋಡಿದಳು, ಮೊಣಕಾಲನ್ನು ನೋಡಿದಳು. ಆಮೇಲೆ ನಿಧಾನವಾಗಿ ಮುಂಗೈಯ ಗಡಿಯಾರ ತಿರುಗಿಸಿಕೊಂಡಳು. ನಾನೂ ಬಗ್ಗಿ ಅದನ್ನೇ ನೋಡಿದೆ. ಸೆಕೆಂಡಿನ ಮುಳ್ಳು ಟಕ್ ಟಕ್ ಎಂದು ಹತ್ತು ದಾಟಿತು. ಹನ್ನೊಂದು ದಾಟಿತು. ಇಪ್ಪತ್ತು. ಅವಳು ಉಸಿರು ಬಿಡಲು ಹೆದರುತ್ತಿದ್ದಳು. ನಾನು ಮನಸ್ಸಿನಲ್ಲಿ ಗೊತ್ತಿದ್ದ ದೇವರಿಗೆಲ್ಲ ಒಂದೊಂದು ಟಿಕೀಟು ಹರಿದೆ. ನಲವತ್ತು. ಮುಳ್ಳು ಒಂದು ಸುತ್ತು ಮುಗಿಸಿ ಎರಡನೆಯ ಸುತ್ತಿಗೆ ಬಿತ್ತು. ಅರ್ಥ ಅವಳ ತಲೆಗೆ ಬರುವ ಮೊದಲು ಸೊಂಟಕ್ಕೆ ಬಂದಿತ್ತು, ಅಲ್ಲಿಂದ ಮೇಲೆ ಹತ್ತಲು ಅಷ್ಟು ಹೊತ್ತು ಹಿಡಿಯಿತು ಎಂದು ಕಾಣುತ್ತದೆ. ಎರಡನೆಯ ಸುತ್ತೂ ಮುಗಿಯುವಾಗ ಅವಳು ದೊಡ್ಡದೊಂದು ಉಸಿರು ಬಿಟ್ಟಳು. ಒಂಬತ್ತು ದಿನ ಒಳಗೆ ಸಿಕ್ಕಿಕೊಂಡಿದ್ದದ್ದೆಲ್ಲ ಹೊರಗೆ ಬಂದಂಥ ಉಸಿರು. ಎದುರಿನ ಕೋಳಿಯ ಪುಕ್ಕ ಅಲುಗಿತು.

ಬಸ್ಸು ಗಕ್ಕನೆ ನಿಂತಿತು. ದಸ್ತಗೀರ ಸೀಟಿನಿಂದ ಎದ್ದು ಹಿಂದೆ ತಿರುಗಿ, ಗಾಬರಿಯಿಂದ, “ಮಾಮಾ, ತಂಗಿ ಎಲ್ಲಿ ಇಳದ್ಲು?” ಎಂದ. 

“ಇಲ್ಲೇ ಅದೀನಿ,” ಎಂದಳು ನೀಲಗಂಗಾ. “ಗಾಡಿ ಬಿಡಣ್ಣಾ.”

ಬಸ್ಸಿಗೆ ಬಸ್ಸೇ ಗುಜುಗುಜು ಎಂದಿತು. ಬೆಳಿಗ್ಗೆ ಅರ್ಥ ಹೇಳಿ ಇಳಿದವರಲ್ಲಿ ಇಬ್ಬರು ಮತ್ತೆ ಹತ್ತಿದ್ದರು. ತಮ್ಮ ಅರ್ಥವೇ ತಡವಾಗಿ ಹಿಡಿಯಿತು ಎಂದು ಇಬ್ಬರೂ ವಾದಕ್ಕೆ ಬಿದ್ದರು. ನಾನು ಕಾಶವ್ವನ ಕೈ ಹಿಡಿಯುವುದೊಂದು ಬಾಕಿ. “ತಂಗಿ, ಅದೇ ಪದಾ. ಬೆಳಿಗ್ಗೆ ಇಲ್ಲ ಅಂದಿದ್ದೆಲ್ಲ, ಈಗ ನೀನ ಅಂದಿ,” ಎಂದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು. “ನಾ ಎಲ್ಲಿ ಅಂದೆ? ಒಂಚೂರು ಸರೀರಿ ಅಂದೆ,” ಎಂದಳು. ಸುತ್ತಲಿದ್ದವರು ಅಂದಿ, ಅಂದಿ ಎಂದು ಸಾಕ್ಷಿ ಹೇಳಿದರು. “ಅಂದಿರಬೇಕಪಾ,” ಎಂದು ಒಪ್ಪಿಕೊಂಡಳು. “ನಮ್ಮ ಅತ್ತಿ ಅಂತಿದ್ಲು. ಸಣ್ಣ ಮನಿ, ಹನ್ನೊಂದ ಮಂದಿ. ಮಲಗೂ ಹೊತ್ತಿಗೆ ದಿನಾ ಅನ್ನಾಕಿ. ಈಗ ನನ್ನ ಬಾಯಾಗ ಐತಿ ಅಂತ ನನಗ ಗೊತ್ತಿಲ್ಲ.”

“ಜಾಗಾ ಇರಲಿಲ್ಲ ನೋಡ್ರಿ ಕಾಕಾ,” ಎಂದಳು ನೀಲಗಂಗಾ, ದಾರಿಯ ಅರ್ಧದಲ್ಲಿ, ಕಿಟಕಿಯ ಆಚೆ ನೋಡುತ್ತ. ಒಂಬತ್ತು ದಿನದ ಮೇಲೆ ಅವಳು ಒಂದು ಮಾತನ್ನು ನಡುವೆ ತುಂಡಾಗದೆ ಆಡುತ್ತಿದ್ದಳು, ಅದರ ಸುಖಕ್ಕೇ ನಿಧಾನವಾಗಿ ಆಡುತ್ತಿದ್ದಳು. “ಜಾಗಾ ಅಂದ್ರ ಮೊದಲ ಖಾಲಿ ಇರೂದು. ಅದನ್ನ ತೋರಿಸಿದ್ರ ಆತು. ಇದು ಹಂಗಲ್ಲ. ತುಂಬಿದ್ದರಾಗ ಮಾಡೂದು. ಪೊನ್ನವ್ವನ ಹಂತ್ಯಾಕ ಜಮೀನು ಎಲ್ಲಿತ್ತು? ಸುತ್ತ ನೀರು. ಒಂದ ಕಲ್ಲು, ಅದರ ಮ್ಯಾಲ ಆಕಿ. ಒಬ್ರು ಬಂದ್ರು, ಮೊಣಕಾಲ ಮಡಚಿಕೊಂಡ್ಲು. ಇನ್ನೊಬ್ರು ಬಂದ್ರು, ಇನ್ನೊಂಚೂರು ಮಡಚಿಕೊಂಡ್ಲು. ವಿನಯ ಅಂತ ನೀವಂದ್ರಿ. ಅಲ್ಲ. ಕುಂಡ್ರಾಕ ಬೇರೆ ದಾರೀನ ಇರಲಿಲ್ಲ ಆಕಿಗೆ.”

ನಾನು ಜೇಬಿನಿಂದ ಹತ್ತೊಂಬತ್ತನೆಯ ನೋಟುಬುಕ್ಕು ತೆಗೆದೆ. ಜಾಗ ಎಂಬುದನ್ನು ಹೊಡೆದುಹಾಕಲಿಲ್ಲ, ತಾಯವ್ವ ಹೇಳಿದ್ದಲ್ಲವೇ. ಅದರ ಮುಂದೆ, ನಿಂತ ಬಸ್ಸಿಗೆ ಕಾಯದೆ, ಕುಲುಕಾಟದಲ್ಲೇ ಬರೆದೆ: “ಇದ್ದವರು ಸಣ್ಣಗಾಗಿ ಬಂದವರಿಗೆ ಮಾಡಿದ್ದು.”

ಬಸ್‌ಸ್ಟ್ಯಾಂಡಿನಲ್ಲಿ ಬಾಳವ್ವ ಬೆಳಿಗ್ಗೆ ಬಿಟ್ಟಲ್ಲೇ ಮತ್ತೆ ಬಂದು ನಿಂತಿದ್ದಳು. ಸೊಸೆ ಇಳಿದು ಎದುರು ನಿಂತಾಗ ಅವಳ ಬಾಯಿಯನ್ನೇ ನೋಡಿದಳು. ಹನ್ನೊಂದು ಸೆಕೆಂಡಿನ ಲೆಕ್ಕ ಅವಳಿಗೂ ರೂಢಿಯಾಗಿತ್ತು. ಆ ಹೊತ್ತು ದಾಟಿತು, ಅದರ ಎರಡರಷ್ಟೂ ದಾಟಿತು. “ರೊಟ್ಟಿ ಮಾಡೀನಿ,” ಎಂದಳು. ಮನೆಯಲ್ಲಿ ನನಗೂ ತಾಟು ಹಾಕಿದಳು. ನೀಲಗಂಗಾ ಮೂರು ರೊಟ್ಟಿ ತಿಂದು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋದಳು. ಬಾಳವ್ವ ರೊಟ್ಟಿಯನ್ನು ಮೆಲ್ಲಗೆ ಬಿಡಿಸಿ ತೆಗೆದು, ಅಂಗಡಿಯ ನೆಲದಲ್ಲಿ ಸಿಕ್ಕಿದ್ದ ಹದಿನಾರು ಸ್ಕ್ರೂಗಳ ಡಬ್ಬಿಯನ್ನು ಅವಳ ಪಕ್ಕದಲ್ಲಿ ಇಟ್ಟಳು. ಒಂದು ಮಾತ್ರ ಇನ್ನೂ ಸಿಕ್ಕಿಲ್ಲ. ನನಗೆ ಆಗ ಬೈದಳು, ಚೆನ್ನಾಗಿ ಬೈದಳು. ನಿಜಕ್ಕೂ ಹಗುರವಾಯಿತು.

ಮಂಗಳವಾರ ಡಾಕ್ಟರು ತಾವೇ ಅಂಗಡಿಗೆ ಬಂದು ನೋಡಿ, ತಮ್ಮ ನಿಂತ ಗಡಿಯಾರವನ್ನೂ ಕೊಟ್ಟು ಹೋದರು. ಬುಧವಾರ ಸಂಜೆ ಮತ್ತೆ ಬಾಳವ್ವನ ಪಡಸಾಲೆಯಲ್ಲಿ ಓದು ಕೂಡಿತು. ಅರ್ಧಕ್ಕೆ ನಿಂತದ್ದನ್ನು ನಿಂತಲ್ಲಿಂದಲೇ ಮುಂದುವರಿಸಬೇಕು. ಜಮಖಾನೆಯ ಮೇಲೆ ಜನ ಎಂದಿಗಿಂತ ಹೆಚ್ಚು. ಬಸ್ಸಿನ ಸುದ್ದಿ ದಸ್ತಗೀರ ಎಲ್ಲ ಸ್ಟಾಪುಗಳಲ್ಲೂ ಹಂಚಿದ್ದ. ನೀಲಗಂಗಾ ಕಲೆ ಬಿದ್ದ ಸಾಲಿನ ಪಕ್ಕಕ್ಕೆ ಬೆರಳಿಟ್ಟು ಓದಿದಳು. ಬಂದವರ್ಗೆಲ್ಲಮಿಂಬಿತ್ತಳಾ ಪೊನ್ನಿ, ಮೊಳಕಾಲನಪ್ಪಿ ಕುಳ್ಳಿರ್ದು. ಎಲ್ಲರೂ ಅವಳ ಬಾಯಿ ನೋಡುತ್ತ ಕಾದರು. ಏನೂ ಆಗಲಿಲ್ಲ. ಆಮೇಲೆ ಅವಳು ಬಸ್ಸಿನ ಕಥೆ ಹೇಳಿದಳು, ಕೂತವರೆಲ್ಲ ಮೊಣಕಾಲು ಮಡಚಿ ನೋಡಿಕೊಂಡರು. ಶಾಲೆಯ ಗೋಡೆಯ ಮೇಲಿನ ಪೊನ್ನವ್ವನನ್ನು ಇನ್ನು ಕೂರಿಸಬೇಕಾಗುತ್ತದೆ ಎಂದು ಮಾಸ್ತರರು ತಮ್ಮಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು.

ಹೊತ್ತಿಗೆ ಕೈಯಿಂದ ಕೈಗೆ ದಾಟಿ ನನ್ನ ಮುಂದೆ ಬಂದು ನಿಂತಿತು. ಮುಂದಿನ ಸರದಿ ನಮ್ಮ ಮನೆಯದು, ಇಷ್ಟು ದಿನ ಓದು ನಿಂತಿದ್ದರಿಂದ ಅದೂ ಅಂದು ಅಲ್ಲೇ ಆಗಬೇಕಿತ್ತು. ನಾನು ಬಾಗಿಲ ಹತ್ತಿರ, ಎದ್ದು ಹೋಗಲು ಅನುಕೂಲವಾಗುವ ಹಾಗೆ ನಿಂತಿದ್ದೆ. 

“ಕನ್ನಡಕ ಮನ್ಯಾಗ ಉಳೀತು,” ಎಂದೆ.

“ಗೊತ್ತಿತ್ತು,” ಎಂದು ನೀಲಗಂಗಾ ಸೆರಗಿನ ಗಂಟು ಬಿಚ್ಚಿ ತನ್ನ ಭೂತಗನ್ನಡಿ ತೆಗೆದು ಕೊಟ್ಟಳು. “ಇದರಾಗ ಸಾಸಿವಿ ಕಾಳು ಸೈತ ಹುಣಸೀ ಬೀಜದಷ್ಟು ಕಾಣ್ತೈತಿ. ಓದ್ರಿ.”

“ಹೆಬ್ಬೆಟ್ಟ ತೆಗಿ ಮೊದಲ, ಅಣ್ಣಾ,” ಎಂದಳು ಬಾಳವ್ವ.

ನೋಡಿಕೊಂಡೆ. ನನಗೆ ತಿಳಿಯದೆಯೇ ಅದು ಹೋಗಿ ಮುಂದಿನ ಸಾಲಿನ ಕಲೆಯ ಮೇಲೆ ಕೂತಿತ್ತು. ತೆಗೆದೆ. ಭೂತಗನ್ನಡಿ ಕಣ್ಣಿಗೆ ಹಿಡಿದು, ಎಪ್ಪತ್ತರ ಸಮೀಪ ಬಂದ ಗಂಟಲನ್ನು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಊರ ಮುಂದೆ ಗಟ್ಟಿಯಾಗಿ ಓದಿದೆ. “ಇರ್ದರಲ್ಲಿಯೆ ಆಸರಂ ಕಳೆದು.” ‘ಆಸರಂ’ ದಾಟಿತೋ ಇಲ್ಲವೋ, ಹೊಟ್ಟೆಯ ಆಳದಿಂದ ಒಂದು ಬಿಕ್ಕು ಎದ್ದು ಬಂದು ಭೂತಗನ್ನಡಿಯನ್ನು ಕೈಯಿಂದ ಹಾರಿಸಿತು. ಅಯಸ್ಕಾಂತಕ್ಕೆ ಅದು ಸಿಗುವುದಿಲ್ಲವೆಂದು ಬಾಳವ್ವ ಬಗ್ಗಿ ಕೈಯಿಂದಲೇ ಹುಡುಕಿದಳು. ಪಡಸಾಲೆಯೆಲ್ಲ ನಗುತ್ತಿತ್ತು. ಇನ್ನೊಂದು ಬಿಕ್ಕು ಬರುವಷ್ಟರಲ್ಲಿ, ಯಾರೂ ಏನೂ ಹೇಳದೆ, ಜಮಖಾನೆಯ ಮೇಲಿನ ಸಾಲು ಆ ತುದಿಯಿಂದ ಈ ತುದಿಯವರೆಗೆ ಒಂದಿಷ್ಟು ಸರಿಯಿತು. ಅತ್ತೆ ಸೊಸೆಯರ ನಡುವೆ ಒಬ್ಬ ಮುದುಕ ಕೂರುವಷ್ಟು ಆಯಿತು. ನಾನು ಹೊತ್ತಿಗೆ ಎದೆಗೆ ಹಿಡಿದುಕೊಂಡು ಹೋಗಿ, ಬಿಕ್ಕುತ್ತಲೇ, ಅಲ್ಲಿ ಕೂತೆ.